ಅತ್ತೆ ಹಿಡಿಯದ ಮೆಟ್ಟುಕತ್ತಿ

ತೊಟ್ಟಿಲು ಇಳಿಸಲೆಂದು ಹೋದ ವಾರ ನನ್ನ ಗಂಡ ಅಟ್ಟ ಹತ್ತಿದ್ದರು. ತೊಟ್ಟಿಲಿನ ಜೊತೆಗೆ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಭಾರದ ಗಂಟೊಂದೂ ಕೆಳಗೆ ಬಂತು. ಬಿಚ್ಚಿದರೆ ಮೆಟ್ಟುಕತ್ತಿ. ಮಣೆಯನ್ನು ಕಾಲಿನಿಂದ ಮೆಟ್ಟಿ ಕೂತು ತರಕಾರಿ, ಮೀನು ಕೊಯ್ಯುತ್ತೇವಲ್ಲ, ಅದು. ತುಕ್ಕಿನ ವಾಸನೆ, ಕಮಟು ಎಣ್ಣೆಯ ವಾಸನೆ, ಅದರಡಿಯಲ್ಲಿ ಇನ್ನೂ ಬಿಟ್ಟುಹೋಗದ ಒಂಚೂರು ಮೀನಿನ ವಾಸನೆ... ನನಗೆ ಅತ್ತೆ ನೆನಪಾದರು. ಅವರ ಕೈಯಲ್ಲಿ ಕತ್ತಿ ಇದ್ದದ್ದನ್ನು ನಾನು ಒಮ್ಮೆಯೂ ಕಂಡವಳಲ್ಲ.

ಅತ್ತೆ ಗಂಗೊಳ್ಳಿ ಬಂದರಿನಿಂದ ಮೀನು ತಂದು ಕುಂದಾಪುರದಲ್ಲಿ ಕೂತು ಮಾರುತ್ತಿದ್ದರು. ಬಾಯಿ ಜೋರು. ಬುಟ್ಟಿ ಖಾಲಿಯಾಗದೆ ಮನೆಗೆ ಬರುತ್ತಿದ್ದವರಲ್ಲ. ಆದರೆ ಮೀನನ್ನು ಇಡಿಯಾಗಿಯೇ ಕೊಡುತ್ತಿದ್ದರು. ಯಾರಾದರೂ ತುಂಡು ಮಾಡಿ ಕೊಡಿ ಎಂದರೆ, "ಕೊಯ್ಕಾರೆ ಆಚಿ ಹೋಯ್ನಿ, ನಾನ್ ಕೊಯ್ದ್ ಕೊಡುದಿಲ್ಲೆ" ಎಂದು ಪಕ್ಕದವಳ ಕಡೆ ಕೈ ತೋರಿಸುತ್ತಿದ್ದರು.

ನಾನು ಕೋಟದ ಕಡೆಯಿಂದ ಮದುವೆಯಾಗಿ ಬಂದವಳು. ಬಂದ ಮಾರನೇ ದಿನದಿಂದಲೇ ಮನೆಯ ಕೊಯ್ಯುವ ಕೆಲಸವೆಲ್ಲ ನನ್ನ ತಲೆಗೆ ಬಿತ್ತು. ಇವರಿಗೆ ಸೊಸೆ ಬೇಕಿತ್ತೋ ಕತ್ತಿ ಹಿಡಿಯುವ ಆಳು ಬೇಕಿತ್ತೋ ಎಂದು ತವರಿಗೆ ಫೋನ್ ಮಾಡಿ ದೂರಿದ್ದೂ ಉಂಟು. ನಾನು ಮನೆಯಲ್ಲಿ ಇಲ್ಲದ ದಿನ ಅತ್ತೆ ಬೂತಾಯಿ ಮೀನನ್ನು ಉಗುರಿನಲ್ಲೇ ಬಗೆದು ಶುಚಿ ಮಾಡುತ್ತಿದ್ದರು. ನೀರುಳ್ಳಿಯನ್ನು ಕಲ್ಲಿನಲ್ಲಿ ಜಜ್ಜುತ್ತಿದ್ದರು, ಬೆಂಡೆಕಾಯಿಯನ್ನು ಕೈಯಲ್ಲೇ ಮುರಿಯುತ್ತಿದ್ದರು. ಆ ಸಾಂಬಾರಿನ ರುಚಿಯ ಬಗ್ಗೆ ಈಗ ಮಾತಾಡುವುದು ಬೇಡ.

ಮನೆಯಲ್ಲಿ ನನ್ನ ಮೈದುನನೂ ಇದ್ದ. ಅಂಗುಳಿನಲ್ಲಿ ಸೀಳು ಇದ್ದೇ ಹುಟ್ಟಿದವನು. ಕುಡಿಸಿದ ಹಾಲು ಮೂಗಿನಿಂದ ಬರುತ್ತಿತ್ತಂತೆ. ಹೃದಯದಲ್ಲೂ ಒಂದು ತೂತು. ಎರಡಕ್ಕೂ ಆಪರೇಷನ್ ಆದರೂ ಮಾತು ಮೂಗಿನಲ್ಲೇ ಉಳಿಯಿತು. ಪಾಠ ತಲೆಗೆ ಹತ್ತಲಿಲ್ಲ. ದೊಡ್ಡವನಾಗಿ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದ. ಆಗಾಗ ಅವನ ಕೈಬೆರಳುಗಳು ಸೆಟೆದುಕೊಂಡು ನೋಯುತ್ತಿದ್ದವು. ಆಗೆಲ್ಲ ಅತ್ತೆ ಮಾತಿಲ್ಲದೆ ಕೂತು ಎಣ್ಣೆ ತಿಕ್ಕುತ್ತಿದ್ದರು. ಅಷ್ಟು ಬಾಯಿಯ ಹೆಂಗಸು ಅವನೆದುರು ಮಾತ್ರ ಮೆತ್ತಗಾಗುತ್ತಿದ್ದರು.

ಒಂದು ಮಧ್ಯಾಹ್ನ ನಾನು ಮೀನು ಕೊಯ್ಯುತ್ತಾ ತಮಾಷೆಗೆ ಕೇಳಿದೆ: "ಅತ್ತೆ, ನಿಮ್ಗ್ ಕತ್ತಿ ಕಂಡ್ರೆ ಹೆದ್ರಿಕ್ಯಾ?"

ಅತ್ತೆ ನಗಲಿಲ್ಲ. ಬಾಗಿಲ ಕಡೆ ನೋಡಿ, ಮೈದುನ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳಿದರು. ಅವನು ಹೊಟ್ಟೆಯಲ್ಲಿದ್ದಾಗ ಗ್ರಹಣ ಬಂದಿತ್ತು. ಬಸುರಿಯರೆಲ್ಲ ಒಳಗೆ ಅಲ್ಲಾಡದೆ ಮಲಗಿದ್ದರು. ಅದೇ ಹೊತ್ತಿಗೆ ದೋಣಿಗಳು ತುಂಬಿ ಬಂದವು. ಐಸ್ ಸಿಗಲಿಲ್ಲ. ಕೊಯ್ದು ಉಪ್ಪು ಹಾಕದಿದ್ದರೆ ಅಷ್ಟೂ ಮೀನು ಹಾಳಾಗುತ್ತಿತ್ತು. ಅತ್ತೆ ಮೆಟ್ಟುಕತ್ತಿ ಎಳೆದುಕೊಂಡು ಕೂತರು.

"ಗ್ರಹಣದ್ ದಿನ ನಾನ್ ಕತ್ತಿ ಹಿಡ್ದೆ ಮಗ. ಹೊಟ್ಟೆಯಗಿದ್ದ ಮಗಿನ್ ಬಾಯಿ ನಾನೇ ಕೊಯ್ದ್ ಹಾಕ್ದೆ."

ಹಾಗೆಲ್ಲ ಏನೂ ಇಲ್ಲ ಎಂದೆ. ಹಾಗಾದರೆ ಯಾಕೆ ಹೀಗಾಯಿತು ಎಂದು ಕೇಳಿದರು. ನಾನು ಉಳಿದ ಮೀನನ್ನೂ ಕೊಯ್ದು ಮುಗಿಸಿದೆ. ಅಂದಿನಿಂದ ನಾನು ತವರಿಗೆ ದೂರು ಹೇಳುವುದನ್ನು ಬಿಟ್ಟೆ.

ಅತ್ತೆ ಒಂದು ಮಳೆಗಾಲ ಜ್ವರದಲ್ಲಿ ಮಲಗಿದವರು ಏಳಲಿಲ್ಲ. ಅವರು ಹೋದ ಮೇಲೆ ನಾನು ಬಸುರಿಯಾದೆ. ವಿಷಯ ತಿಳಿದ ಸಂಜೆ ನನ್ನ ಗಂಡ ನಾನು ಬಳಸುತ್ತಿದ್ದ ಕತ್ತಿಯನ್ನು ಎತ್ತಿ ನನ್ನ ಕೈಗೆಟುಕದ ಕಡೆ ಇಟ್ಟರು. ತರಕಾರಿ ತಾವೇ ಕೊಯ್ಯತೊಡಗಿದರು. ಅಮ್ಮನ ಹೆದರಿಕೆ ಮಗನೊಳಗೂ ಕೂತಿತ್ತು. ಸುಳ್ಳು ಯಾಕೆ ಹೇಳಲಿ, ನನ್ನೊಳಗೂ ಇತ್ತು. ಕತ್ತಿಯದ್ದಲ್ಲ. ಮೈದುನನಿಗೆ ಬಂದದ್ದು ನನ್ನ ಮಗುವಿಗೂ ಬಂದರೆ ಎಂಬ ಹೆದರಿಕೆ. ಅವನೆಂದರೆ ನನಗೆ ಪ್ರೀತಿಯೇ. ಆದರೆ ಮೂಗಿನಿಂದ ಬರುವ ಹಾಲು ನೆನೆದರೆ ನಿದ್ದೆ ಹಾರಿಹೋಗುತ್ತಿತ್ತು.

ಸ್ಕ್ಯಾನಿಂಗಿಗೆ ಹೋದಾಗ ಅಲ್ಲಿನ ಡಾಕ್ಟರು, ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ತೊಂದರೆ ಇದೆಯೇ ಎಂದು ಕೇಳಿದರು. ಹೇಳಿದೆವು. ಅವರು ವಂಶವಾಹಿಗಳ ಪರೀಕ್ಷೆ ಮಾಡಿಸುವ ಡಾಕ್ಟರಮ್ಮನ ಹತ್ತಿರ, ಮೈದುನನನ್ನೂ ಕರೆದುಕೊಂಡು ಹೋಗಿ ಎಂದು ಕಳಿಸಿದರು. ಆಕೆ ನನ್ನ ಹೊಟ್ಟೆಯನ್ನು ಬಿಟ್ಟು ಮೈದುನನ ಬಾಯಿ, ಎದೆ, ಬೆರಳುಗಳನ್ನೇ ಬಹಳ ಹೊತ್ತು ನೋಡಿದರು. ಅವನ ರಕ್ತ ತೆಗೆದರು, ನನ್ನ ಗಂಡನದ್ದನ್ನೂ ತೆಗೆದರು. ಮೈಕ್ರೊಅರೇ ಎಂಬ ಪರೀಕ್ಷೆಯಂತೆ. ಒಂದು ಪುಟ್ಟ ಗಾಜಿನ ಪಟ್ಟಿಯ ಮೇಲೆ ಲೆಕ್ಕವಿಲ್ಲದಷ್ಟು ಚುಕ್ಕೆಗಳು. ಒಂದೊಂದು ಚುಕ್ಕೆಯಲ್ಲೂ ಡಿಎನ್‌ಎಯ ಒಂದೊಂದು ಚೂರು. ರಕ್ತದಿಂದ ತೆಗೆದ ಡಿಎನ್‌ಎಗೆ ಬಣ್ಣ ಕೊಟ್ಟು ಅದರ ಮೇಲೆ ಹರಡಿದರೆ, ಅದು ತನ್ನ ಜೋಡಿಯ ಚೂರು ಇದ್ದಲ್ಲಿ ಹೋಗಿ ಅಂಟಿಕೊಂಡು ಹೊಳೆಯುತ್ತದೆ. ಯಾವ ಚುಕ್ಕೆಗಳು ಮಂಕಾಗಿವೆಯೋ ಆ ಭಾಗ ಅವನಲ್ಲಿ ಕಡಿಮೆ ಇದೆ ಎಂದರ್ಥ.

ವಾರಗಳು ಕಳೆದ ಮೇಲೆ ನಮ್ಮಿಬ್ಬರನ್ನು ಒಳಗೆ ಕರೆದು ಕೂರಿಸಿ ಹೇಳಿದರು; ಮೈದುನ ಬಾಗಿಲ ಹೊರಗಿನ ಬೆಂಚಿನಲ್ಲಿದ್ದ. ಮೈದುನನ ಒಂದು ಕ್ರೋಮೋಸೋಮಿನಲ್ಲಿ ಸಣ್ಣ ತುಣುಕು ಇರಲಿಲ್ಲ. ಅಂಗುಳು, ಎದೆ, ಮಾತು, ಓದು, ಸೆಟೆಯುವ ಬೆರಳು, ಎಲ್ಲದರ ಬೇರೂ ಅದೇ. ಬೆರಳಿಗೆ ಕಾರಣ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದದ್ದು, ಅದಕ್ಕೆ ಮಾತ್ರೆ ಇದೆ ಎಂದರು.

ನನ್ನ ಗಂಡ ಕೇಳಿದರು: "ಬಲಿಯಗೆ ಕಣ್ಣ್ ಕಿತ್ತ್ ಹೋದಂಗಾ ಮೇಡಂ?"

"ಹಾಗೇ ಅಂದುಕೊಳ್ಳಿ. ಆದರೆ ಯಾರೂ ಕಿತ್ತದ್ದಲ್ಲ. ಬಲೆ ಹೆಣೆಯುವಾಗಲೇ ಬಿಟ್ಟುಹೋದದ್ದು."

ನನ್ನ ಗಂಡ ಗ್ರಹಣದ ಕತೆ ಹೇಳಿದರು. ಡಾಕ್ಟರಮ್ಮ ನಗಲಿಲ್ಲ. ಬಸುರಿಯಾದ ಮೇಲೆ ನಿಮ್ಮ ತಾಯಿ ಏನು ಮಾಡಿದ್ದರೂ, ಏನು ಬಿಟ್ಟಿದ್ದರೂ ಇದು ಬದಲಾಗುತ್ತಿರಲಿಲ್ಲ ಎಂದರು. ಆಮೇಲೆ ನಾನು ಕಾಯುತ್ತಿದ್ದ ಮಾತು ಬಂತು. ನನ್ನ ಗಂಡನಲ್ಲಿ ಆ ತುಣುಕು ಸರಿಯಾಗಿಯೇ ಇತ್ತು. ನಮ್ಮ ಮಗುವಿಗೆ ಬೇರೆ ಯಾವ ಮಗುವಿಗಿಂತಲೂ ಹೆಚ್ಚಿನ ಭಯ ಇಲ್ಲ. ನಾನು ಅಲ್ಲೇ, ಆ ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ. ಬರುವಾಗ ಬಸ್ಸಿನಲ್ಲಿ ಕಣ್ತುಂಬ ನಿದ್ದೆ ಮಾಡಿದೆ. ಗಂಡ ಎಬ್ಬಿಸಿದಾಗ ಕುಂದಾಪುರ ಬಂದಿತ್ತು.

ಅಟ್ಟದಿಂದ ಇಳಿದ, ಅತ್ತೆ ಅಂದು ಸುತ್ತಿಟ್ಟಿದ್ದ ಆ ಕತ್ತಿಯನ್ನು ಗುಜರಿಗೆ ಹಾಕೋಣ ಎಂದು ಇವರು ಹೇಳಿದ್ದೇ ತಡ, ಮೈದುನ ಅದನ್ನು ಕಸಿದುಕೊಂಡ. ಅಂಗಳದಲ್ಲಿ ಕೂತು ಮರಳು ಹಾಕಿ ತಿಕ್ಕಿದ, ಕಲ್ಲಿಗೆ ಮಸೆದ. ಅವನಿಗೆ ಗ್ರಹಣದ ಕತೆ ಗೊತ್ತಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಕತ್ತಿ ಹೊಳೆಯತೊಡಗಿದ ಮೇಲೆ ಅವನು ಎದ್ದು ಒಳಗೆ ಹೋಗಿ, ಅತ್ತೆಯ ಫೋಟೊದ ಎದುರು ಅದನ್ನು ಎತ್ತಿ ಹಿಡಿದ.

"ಅಮ್ಮ, ಕತ್ತಿ ಅಲ್ದಂಬ್ರ್," ಎಂದ, ಮೂಗಿನ ಮಾತಿನಲ್ಲಿ. ಕತ್ತಿಯಿಂದ ಆದದ್ದಲ್ಲವಂತೆ ಎಂದು, ಅವರಿಗೆ ಕೇಳಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಹೇಳಿದ.

ಅವನ ಮಾತು ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ. ಅತ್ತೆಗೆ ಮಾತ್ರ ಪ್ರತಿ ಮಾತೂ ತಿಳಿಯುತ್ತಿತ್ತು. ಈ ಒಂದು ಮಾತಿಗೆ ಅವರು ಇರಬೇಕಿತ್ತು.