ಬೀರಪ್ಪ ಮರಳಿ ಕೊಟ್ಟ ಉಪ್ಪಿನ ರುಚಿ

ಕಳೆದ ವರ್ಷ ಮುಂಗಾರಿನ ಹೊತ್ತಿಗೆ ನನಗೆ ಅಳುವುದು ಕೂಡ ನಿಂತುಹೋಗಿತ್ತು. ನನ್ನ ಗಂಡ ಮಾಳಪ್ಪ ಬನಹಟ್ಟಿಯಲ್ಲಿ ಪಾವರ್‌ಲೂಮ್ ನಡೆಸುತ್ತಾರೆ. ನಾನು ಮನೆಯಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುತ್ತೇನೆ. ಅವರ ಕುಡಿತ ಹೊಸದಲ್ಲ. ಮೊದಮೊದಲು ಜಗಳ ತೆಗೆಯುತ್ತಿದ್ದೆ, ಬಾಟಲಿ ಒಡೆಯುತ್ತಿದ್ದೆ, ತವರಿಗೆ ಹೋಗುತ್ತೇನೆಂದು ಹೆದರಿಸುತ್ತಿದ್ದೆ. ಆಮೇಲೆ ಅದ್ಯಾವುದೂ ಬೇಡವಾಯಿತು. ಗಟಾರದ ಪಕ್ಕ ಬಿದ್ದಿದ್ದಾರೆ ಎಂದು ಯಾರಾದರೂ ಬಂದು ಹೇಳಿದರೆ, ಕೈಯಲ್ಲಿದ್ದ ಕಂಡಿಕೆ ಮುಗಿಸಿಯೇ ಏಳುತ್ತಿದ್ದೆ. ಒಂದು ದಿನ ಮಗಳು ಪಲ್ಯ ಬಾಯಿಗಿಟ್ಟು, "ಅವ್ವಾ, ಉಪ್ಪs ಇಲ್ಲ" ಅಂದಳು. ನಾನು ಆಗಲೇ ಅದೇ ಪಲ್ಯದಲ್ಲಿ ರೊಟ್ಟಿ ಮುಗಿಸಿ ಕೈ ತೊಳೆಯಲು ಎದ್ದಿದ್ದೆ. ನನಗೆ ಗೊತ್ತೇ ಆಗಿರಲಿಲ್ಲ.

ಮನೆದೇವರು ಬೀರಪ್ಪನ ಮುಂದಿನ ಭಂಡಾರ, ಅಂದರೆ ಅರಿಶಿನ ಪುಡಿ, ಮುಟ್ಟಿಸಿ ಕುಡುಕರಿಂದ ಆಣೆ ಮಾಡಿಸುವುದು ನಮ್ಮವರ ಪದ್ಧತಿ. ನಾನೂ ಮಾಡಿಸಿದ್ದೆ, ಒಂದು ಸಲವಲ್ಲ. ಅವರು ಆಣೆ ಮಾಡುವರು, ಮುರಿಯುವರು. ಮುರಿದ ಮೇಲೆ ದೇವರು ಬಿಡುವುದಿಲ್ಲವೆಂಬ ಹೆದರಿಕೆ, ಆ ಹೆದರಿಕೆಗೆ ಇನ್ನಷ್ಟು ಕುಡಿತ. ಕೊನೆಗೆ ಗುಡಿಯ ದಾರಿಯನ್ನೇ ಬಿಟ್ಟರು.

ಮಣ್ಣೆತ್ತಿನ ಅಮಾವಾಸ್ಯೆಗೆ ನಾನೊಬ್ಬಳೇ ಮುಧೋಳದ ಕಡೆಯ ನಮ್ಮ ಮನೆದೇವರ ಗುಡಿಗೆ ಹೋದೆ. ಕೈ ಮುಗಿದು ನಿಂತರೆ ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ. ಸುಮ್ಮನೆ ಕಂಬಕ್ಕೊರಗಿ ಕುಳಿತೆ. ಪಕ್ಕದಲ್ಲಿ ಜಮಖಂಡಿಯ ಹೆಂಗಸೊಬ್ಬರು ಕುಳಿತಿದ್ದರು.

"ಏನ್ ಬೇಡಿಕೊಂಡೆವ್ವಾ?"

"ಏನೂ ಬೇಡಾಕ ಬರವಲ್ದ್ರೀ."

ಅವರು ನನ್ನ ಮುಖವನ್ನೇ ನೋಡಿದರು. "ಮನ್ಯಾಗ ಕುಡೀತಾರೇನು? ನನ್ನ ಮಾರಿನೂ ಹಿಂಗs ಇತ್ತು."

ಜಮಖಂಡಿಯ ಒಂದು ಶಾಲೆಯ ಕೋಣೆಯಲ್ಲಿ ರವಿವಾರ ಸಂಜೆ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಕೂಡುತ್ತಾರೆ, ಪಕ್ಕದ ಕೋಣೆಯಲ್ಲಿ ಮನೆಯವರು ಕೂಡುತ್ತಾರೆ ಎಂದು ಅವರೇ ತಿಳಿಸಿದರು. ಮನೆಗೆ ಬಂದು ಮಾಳಪ್ಪನ ಮುಂದೆ ಹೇಳಿದೆ.

"ಬರ್ತೇನಿ, ಆದ್ರ ಬಾಯಿ ಬಿಡೂದಿಲ್ಲ" ಎಂದು ಗೊಣಗುತ್ತಲೇ ಮಾಳಪ್ಪ ರವಿವಾರ ನನ್ನ ಜೊತೆ ಜಮಖಂಡಿಯ ಬಸ್ಸು ಹತ್ತಿದರು. ನಾನು ಸೆರಗಿನ ತುದಿಗೆ ಭಂಡಾರ ಗಂಟು ಹಾಕಿಕೊಂಡಿದ್ದೆ. ಕುಡಿತ ಬಿಟ್ಟವರ ಕೋಣೆಗೆ ಹೋದವಳೇ ಗಂಟು ಬಿಚ್ಚಿ, ಅಲ್ಲಿದ್ದ ಹಿರಿಯರ ಮುಂದಿಟ್ಟೆ. "ಅಣ್ಣಾರ, ಎಲ್ಲಾರ ಮುಂದ ಇವರ ಕಡಿಂದ ಆಣಿ ಮಾಡಸ್ರಿ."

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅಲ್ಲಿಯ ಮಾತು ಹೊರಗೆ ಆಡಬಾರದೆಂಬ ನಿಯಮವಿದೆ. ಇದನ್ನು ಆ ಹಿರಿಯರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರು ಅಂದರು, "ತಂಗೀ, ಆಣಿ ಮಾಡೂದ್ರಾಗ ಇಲ್ಲಿ ಕುಂತಾವ್ರೆಲ್ಲಾ ಭಾಳ ಗಟ್ಟಿ. ನಾ ಸುಳ್ಳ ಹೇಳದ ದೇವರs ಉಳದಿಲ್ಲ ಈ ಸೀಮ್ಯಾಗ. ನಾಳಿನ ಮಾತ ಬ್ಯಾಡ. ಇವತ್ತೊಂದಿನ ಕುಡೀಲಿಲ್ಲಂದ್ರ ಸಾಕು." ಮಾಳಪ್ಪ ಆಗ ತಲೆ ಎತ್ತಿದರು.

ಮನೆಯವರು ಕೂಡುವ ಪಕ್ಕದ ಕೋಣೆಗೆ ಹೋದೆ, ಗುಡಿಯಲ್ಲಿ ಸಿಕ್ಕಿದ್ದ ಅಕ್ಕನೇ ಅಲ್ಲಿದ್ದರು. "ನೀ ಹ್ಯಾಂಗದೀವ್ವಾ?" ಎಂದರು.

"ಅವ್ರು ನಿನ್ನೆನೂ ಕುಡದ..."

"ಅವ್ರಲ್ಲ, ನೀ."

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಚಹಾ ಕೊಟ್ಟರು.

ಮುಂದಿನ ರವಿವಾರ ಮಾಳಪ್ಪ ಬಸ್ ನಿಲ್ದಾಣದಿಂದಲೇ ತಪ್ಪಿಸಿಕೊಂಡು ಸಾರಾಯಿ ಅಂಗಡಿಯ ಕಡೆ ನಡೆದರು. ನಾನು ಹಿಂದಿನಂತೆ ಅವರ ಬೆನ್ನು ಹತ್ತಲಿಲ್ಲ. ಬಸ್ಸು ಬಂತು, ನಾನೊಬ್ಬಳೇ ಹತ್ತಿದೆ. ಮನೆಗೆ ಬಂದಾಗ ಮಲಗಿದ್ದವರು, "ನನ್ನ ಸುದ್ದಿ ಏನೇನ್ ಹೇಳಿ ಬಂದಿ?" ಎಂದರು.

"ನಿಮ್ಮ ಸುದ್ದಿ ತಗೀಲಿಲ್ಲ. ಬಾಯಿಗಿ ಉಪ್ಪಿನ ರುಚಿ ಹತ್ತವಲ್ದು ಅಂತ ಹೇಳಿದೆ."

ಅವರು ಗೋಡೆಯ ಕಡೆ ಹೊರಳಿದರು. ಅದರ ಮುಂದಿನ ರವಿವಾರ ನಾನು ನಿಲ್ದಾಣಕ್ಕೆ ಹೋದರೆ, ತಲೆ ಬಾಚಿಕೊಂಡು ನನಗಿಂತ ಮೊದಲೇ ಬಂದು ನಿಂತಿದ್ದರು.

ಒಂದೇ ಏಟಿಗೆ ಬಿಟ್ಟರೆಂದರೆ ಸುಳ್ಳಾಗುತ್ತದೆ. ಕುಡಿತ ಬಿಟ್ಟಾಗ ಹತ್ತಿದ ಕೈ ನಡುಕಕ್ಕೆ ದವಾಖಾನೆಯಲ್ಲಿ ಮಲಗಬೇಕಾಯಿತು. ದಸರೆಯಲ್ಲಿ ಮತ್ತೆ ಕುಡಿದರು. ಆದರೆ ಈ ಸಲ ಅಡಗಿಕೊಳ್ಳಲಿಲ್ಲ, ಸಭೆಗೆ ಹೋಗಿ ತಾವೇ ಹೇಳಿದರು. ನನಗೆ ಆಗಲೂ ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ. ಬಸ್ಸು ಹತ್ತುವುದು, ಇಳಿಯುವುದು ಮಾತ್ರ ಬಿಡಲಿಲ್ಲ.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಇಬ್ಬರೂ ಗುಡಿಗೆ ಹೋದೆವು. ಅಲ್ಲಿಯ ಪೂಜಾರಪ್ಪನಿಗೆ ಹಿಂದಿನ ಆಣೆಗಳೆಲ್ಲ ಗೊತ್ತು. ಆಣೆಗೆಂದೇ ಬಂದಿದ್ದಾರೆ ಎಂದುಕೊಂಡು ಭಂಡಾರದ ಬಟ್ಟಲು ಮುಂದೆ ಹಿಡಿದರು. ಮಾಳಪ್ಪ ಕೈ ಮುಗಿದರು. "ಆಣಿ ಮಾಡೂದಿಲ್ರೀ ಅಪ್ಪಾರ. ಇವತ್ತ ಕುಡದಿಲ್ಲ. ಅಷ್ಟs ಹೇಳಾಕ ಬಂದೇನಿ."

ಪೂಜಾರಪ್ಪ ಬಟ್ಟಲಿಗೆ ಬೆರಳದ್ದಿ ಅವರ ಹಣೆಗೆ ಭಂಡಾರ ಬಳಿದರು. "ಇದನ್ನ ಹೇಳಾಕ ಯಾವಾಗ ಬೇಕಾದ್ರೂ ಬಾರೋ ತಮ್ಮಾ."

ಪ್ರಸಾದಕ್ಕೆ ಪಂಕ್ತಿಯಲ್ಲಿ ಕುಳಿತೆವು, ಅನ್ನ ಸಾರು. ಒಂದು ತುತ್ತು ನುಂಗಿದೆ. "ಸಾರಿಗಿ ಉಪ್ಪ ಕಡಿಮಿ ಆಗೇತಿ" ಎಂದುಬಿಟ್ಟೆ.

ಮಾಳಪ್ಪನ ಕೈ ತಾಟಿನಲ್ಲೇ ನಿಂತಿತು. ನನ್ನನ್ನು ನೋಡಿದರು. ಎದ್ದು ಅಡಿಗೆಯವರ ಹತ್ತಿರ ಹೋಗಿ, ಚಿಟಿಕೆ ಉಪ್ಪು ತಂದು ನನ್ನ ತಾಟಿನ ಅಂಚಿಗೆ ಹಾಕಿದರು. ಅಷ್ಟು ಜನರ ನಡುವೆ ನಾನು ಅತ್ತೆ. ಎಷ್ಟು ದಿನದ ಅಳುವೋ, ಅನ್ನ ಕಲಸುತ್ತಲೇ ಅತ್ತೆ, ತಿನ್ನುತ್ತಲೇ ಅತ್ತೆ.

ಭಕ್ತರೇ, ಬೇಡಲು ಬಾರದವಳಿಗೂ ಬೀರಪ್ಪ ಕೊಟ್ಟ. ಬರುವ ರವಿವಾರವೂ ನಾವು ಬಸ್ಸು ಹತ್ತುತ್ತೇವೆ. ಬೀರಪ್ಪಾ, ನಿನ್ನ ಪ್ರಸಾದಕ್ಕೆ ಉಪ್ಪು ಕಡಿಮೆ ಎಂದು ಹೆಸರಿಟ್ಟೆ. ತಪ್ಪನ್ನು ಹೊಟ್ಟೆಗೆ ಹಾಕಿಕೊ ತಂದೆ.