ನಕ್ಷೆಯ ನೀಲಿ ಗೆರೆ

ಬೇಲಿ ಹಾಕಿದ ಆ ಮುದುಕಿಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಗೋಗಿ ಕಡೆಯ ನಮ್ಮೂರಲ್ಲಿ ಕಾಕಾನ ಕುರಿಗಳು ಮೇಯುವುದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಈಕೆ ಕಣಿವೆಯ ಹಾದಿಯಲ್ಲಿರುವ ತನ್ನ ಹೊಲಕ್ಕೆ ತಂತಿ ಬಿಗಿದ ಮೇಲೆ ಅವು ಡಾಂಬರು ರಸ್ತೆ ಸುತ್ತಿ ಹೋಗಬೇಕಾಯಿತು. ಲಾರಿಗಳು ಮೂರು ಕುರಿಗಳನ್ನು ಅರೆದುಹಾಕಿದವು.

ಶಹಾಪುರದಲ್ಲಿ ಮಾಸ್ತರಿಕೆ ಮಾಡುವ ನನಗೆ ಓದಿದವನೆಂಬ ಸೊಕ್ಕು ಬೇರೆ. ನಿಜಾಮರ ಕಾಲದ ಸರ್ವೆ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಈಗ ಬರೀ ಜಾಲಿ ಮುಳ್ಳಿರುವ ಕಣಿವೆ ಅದರಲ್ಲಿ ಮರಗಳ ಅಡವಿ. ಅಡವಿಯೊಳಗಿಂದ ಬಂಡಿದಾರಿಯ ಚುಕ್ಕಿಗೆರೆ ಇಳಿದು ಒಂದು ನೀಲಿ ಗೆರೆಯ ಪಕ್ಕದಲ್ಲೇ ಸಾಗಿತ್ತು. ನೀಲಿ ಅಂದರೆ ಕಾಲುವೆ, ಕಾಲುವೆ ಪಕ್ಕ ಮುದುಕಿಯ ಹೊಲ. ಸಿಕ್ಕಿಬಿದ್ದಳು ಅಂದುಕೊಂಡೆ.

ಬೇಡವೆಂದರೂ ಬಿಡದೆ ಕಾಕಾನನ್ನು ಕರೆದೊಯ್ದು, ನಕ್ಷೆಯನ್ನು ಅವಳ ಕಟ್ಟೆಯ ಮೇಲೆ ಹರವಿದೆ.

“ನೋಡ ಬೇ, ಕಾಲುವಿ ದಂಡಿ ದಾರಿ ನುಂಗಿ ಕುಂತೀದಿ. ಇದು ನಿಮ್ಮಪ್ಪನ ಕಾಲದ ನಕ್ಷಾ.”

ಅಕ್ಷರ ಬಾರದ ಆಕೆ ಅದರತ್ತ ಕಣ್ಣೂ ಹಾಯಿಸಲಿಲ್ಲ. “ಕಾಲುವಿ ತೋಡುವಾಗ ನಾನಽ ಬುಟ್ಟಿ ಹೊತ್ತೀನಿ. ನಮ್ಮಪ್ಪನ ಕಾಲಕ್ಕ ಎಲ್ಲೀ ಕಾಲುವಿ? ಅದು ಹಳ್ಳ. ಕಟ್ಟಿಗಿ ಬಂಡಿ ಹಳ್ಳದ ದಂಡಿಗುಂಟ ಬರ್ತಿದ್ವು. ಅಲ್ಲೇ ಕಡದ ಕಮರದ ಗಿಡದ ಎರಡು ಬೊಡ್ಡಿ ಇನ್ನೂ ಅದಾವ, ಹೋಗಿ ನೋಡು.”

ನೋಡಲು ಹೋಗಬೇಕಿರಲಿಲ್ಲ. ಆ ಹಳ್ಳ ಈಗ ಊರಲ್ಲಿನ ನನ್ನ ಹೊಸ ಮನೆಯ ಹಿಂದಿನ ಗಟಾರ. ಎರಡು ಬೊಡ್ಡೆಗಳೂ ಹೋದ ವರ್ಷ ನಾನು ಕಟ್ಟಿಸಿದ ಕಂಪೌಂಡಿನ ಒಳಗೇ ಇವೆ. ಒಂದರ ಮೇಲೆ ನಾವು ಬಟ್ಟೆ ಒಗೆಯುತ್ತೇವೆ.

“ನಿನ್ನ ಗ್ವಾಡಿ ಎದ್ದು ಆ ದಾರಿ ಮುಚ್ಚಿದ ಮ್ಯಾಲೆ ಕುರಿ ನನ್ನ ಹೊಲಕ್ಕ ಬಿದ್ವು. ಅದಕ್ಕಽ ತಂತಿ ಹಾಕೀನಿ,” ಅಂದಳು.

ನಾಚಿಕೆಗಿಂತ ಮೊದಲು ಸಿಟ್ಟೇ ಬಂತು, ಅದೂ ಕಾಕಾನ ಮೇಲೆ. “ಗೊತ್ತಿದ್ದೂ ಯಾಕ ಹೇಳಲಿಲ್ಲ?”

“ನಿನ್ನ ಮನಿ ಅಲ್ಲೇನೋ,” ಅಂದ ಕಾಕಾ, ನೆಲ ನೋಡುತ್ತ.

ನಕ್ಷೆ ಟ್ರಂಕಿನಲ್ಲಿದೆ. ಗೋಡೆ ಇನ್ನೂ ನಿಂತಿದೆ. ಮುದುಕಿಯನ್ನು ಬಯ್ಯುವುದನ್ನೂ ನಾನು ಬಿಟ್ಟಿಲ್ಲ. ಮೊನ್ನೆ ನಾಲ್ಕನೆಯ ಕುರಿ ಲಾರಿಗೆ ಸಿಕ್ಕಿತು. ಕಾಕಾ ಅದನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಗೇಟಿನ ಮುಂದೆಯೇ ಹಾದುಹೋದ. ಒಳಗೆ ನೋಡಲಿಲ್ಲ.