ಗೊಣಗಪ್ಪನವರ ಎಡಗೈ

ನಮ್ಮ ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಗೊಣಗಪ್ಪ ಎಂದೇ ಕರೆಯುತ್ತಿದ್ದೆವು, ಬೆನ್ನ ಹಿಂದೆ ಮಾತ್ರ. ಹಿರಿಯ ಶಸ್ತ್ರಚಿಕಿತ್ಸಕರು. ಆಪರೇಷನ್ ಮಾಡುವಾಗ ಕೈಯಷ್ಟೇ ಬಾಯೂ ಓಡುತ್ತಿತ್ತು. ಹೊಟ್ಟೆಯೊಳಗೆ ಎಲ್ಲೋ ಜಿನುಗುವ ರಕ್ತನಾಳವನ್ನು ಹುಡುಕುತ್ತ, ಎಲ್ಲಿ ಅಡಗಿದ್ದೀಯಮ್ಮ, ಬಾ ಹೊರಗೆ, ನಿನ್ನ ಆಟ ನನಗೆ ಗೊತ್ತಿಲ್ವಾ ಎಂದು ಮಾಸ್ಕಿನೊಳಗೇ ಗೊಣಗುತ್ತಿದ್ದರು. ದೀಪ ಸರಿಯಿಲ್ಲ, ಗ್ಲೌಸು ದೊಡ್ಡದು, ಟೀ ತಣ್ಣಗಾಗಿದೆ. ಅವರ ಬಾಯಿಂದ ಹೊಗಳಿಕೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ತರಬೇತಿಗೆ ಬಂದವರಲ್ಲಿ ಯಾರು ಅವರ ಕೈಕೆಳಗೆ ಬಿದ್ದರೂ ಉಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ಆ ವರ್ಷ ಬಿದ್ದವಳು ನಾನು.

ನಾನೋ ಹುಟ್ಟಾ ಎಡಚಿ. ಅಪ್ಪನದು ದರ್ಜಿ ಕೆಲಸ. ಅವರ ಕತ್ತರಿ ಹಿಡಿದು ನಾನು ಬಟ್ಟೆ ಕತ್ತರಿಸಲು ಹೋದರೆ ಬಟ್ಟೆ ಅಲಗುಗಳ ನಡುವೆ ಮಡಚಿಕೊಳ್ಳುತ್ತಿತ್ತೇ ಹೊರತು ತುಂಡಾಗುತ್ತಿರಲಿಲ್ಲ. ಕತ್ತರಿಯನ್ನೂ ಬಲಗೈಯವರಿಗೆಂದೇ ಮಾಡಿರುತ್ತಾರೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ದರ್ಜಿಯ ಮಗಳಿಗೆ ಕತ್ತರಿ ಹಿಡಿಯೋಕೆ ಬರಲ್ಲ ಎಂದು ಅಣ್ಣ ಹಂಗಿಸುತ್ತಿದ್ದ. ನನಗೆ ಕೋಪ ಮೂಗಿನ ತುದಿಯಲ್ಲೇ. ಬಟ್ಟೆ ಏನು, ಮನುಷ್ಯರನ್ನೇ ಕತ್ತರಿಸ್ತೀನಿ ನೋಡ್ತಿರು ಎಂದು ಕೂಗಾಡಿದ್ದೆ. ಹಾಗೆ ಹಟ ಹಿಡಿದೇ ಪುಸ್ತಕಗಳನ್ನು ಅರೆದು ಕುಡಿದು ಡಾಕ್ಟರಾದೆ, ಶಸ್ತ್ರಚಿಕಿತ್ಸೆಯ ತರಬೇತಿಗೂ ಸೇರಿದೆ.

ಕತ್ತರಿ ಅಲ್ಲೂ ನನ್ನನ್ನು ಬಿಡಲಿಲ್ಲ. ಅದರ ಜೊತೆಗೆ ಹೊಲಿಗೆಯ ಸೂಜಿ ಹಿಡಿಯುವ ಇಕ್ಕಳ ಬೇರೆ. ಉಳಿದವರ ಬಲ ಹೆಬ್ಬೆರಳಿಗೆ ಟಕ್ಕೆಂದು ಬಿಟ್ಟುಕೊಳ್ಳುವ ಅದರ ಬೀಗದ ಹಲ್ಲು ನನ್ನ ಎಡಗೈಯಲ್ಲಿ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದರು: ವರ್ಷದ ಕೊನೆಯ ಪರೀಕ್ಷೆಯ ಹೊತ್ತಿಗೆ ಬಲಗೈಯಲ್ಲಿ ಗಂಟು ಹಾಕುವುದನ್ನು ಕಲಿಯಬೇಕು, ಇಲ್ಲವಾದರೆ ಮಾತ್ರೆ ಬರೆದುಕೊಡುವ ಯಾವುದಾದರೂ ವಿಭಾಗಕ್ಕೆ ಹೋಗಬೇಕು. ಗೊಣಗಪ್ಪನವರದೂ ಅದೇ ರಾಗ. ಎಲ್ಲರೂ ಬಲಗೈಯಲ್ಲೇ ಕಲಿಯುತ್ತಾರೆ, ನಿನಗೇನು ಕೊಂಬಿದೆಯಾ ಎಂದು ಗದರಿದರು.

ಕಲಿತೆ. ಊಟ, ಬರವಣಿಗೆ, ಹಲ್ಲುಜ್ಜುವುದು ಎಲ್ಲವನ್ನೂ ಬಲಗೈಗೆ ಒಪ್ಪಿಸಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಮ್ಮ ನಿಟ್ಟುಸಿರಿಟ್ಟರೆ ಅವರ ಮೇಲೂ ಹರಿಹಾಯ್ದೆ. ಒಂದು ದಿನ ಆಪರೇಷನ್ನಿನಲ್ಲಿ ಒಂದು ರಕ್ತನಾಳಕ್ಕೆ ನಾನು ಬಲಗೈಯಲ್ಲಿ ಹಾಕಿದ ಗಂಟು ಜಾರಿತು. ಕಣ್ಣು ಮಿಟುಕಿಸುವಷ್ಟರಲ್ಲಿ ರಕ್ತ ತುಂಬಿಕೊಂಡಿತು. ಗೊಣಗಪ್ಪನವರು ಬೆರಳಿಟ್ಟು ಒತ್ತಿ ಹಿಡಿದರು, ತಾವೇ ಹೊಸ ಗಂಟು ಹಾಕಿದರು. ರೋಗಿ ಗುಣವಾಗಿ ಮನೆಗೆ ಹೋದ. ಆದರೆ ಅಂದು ಕೊನೆಯ ಹೊಲಿಗೆಯವರೆಗೂ ಅವರು ಒಂದು ಮಾತೂ ಗೊಣಗಲಿಲ್ಲ. ನಾನು ಹೆದರಿದ್ದು ಅದಕ್ಕೆ. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆಮೇಲಿನ ವಾರಗಳಲ್ಲಿ ಅವರೇ ವಿಚಿತ್ರವಾಗಿ ಕಾಣತೊಡಗಿದರು. ಗದ್ದದ ಮೇಲೆ ಬ್ಯಾಂಡೇಜು, ಅಂಗಿಯ ಮೇಲೆ ಟೀ ಕಲೆ. ವಯಸ್ಸಾಯಿತು, ಕೈ ನಡುಗುತ್ತಿದೆ ಎಂದು ಕ್ಯಾಂಟೀನಿನಲ್ಲಿ ಗುಸುಗುಸು. ಒಂದು ಭಾನುವಾರ ಒಬ್ಬ ರೋಗಿಯ ಎಕ್ಸರೇ ತೋರಿಸಲು ಅವರ ಮನೆಗೆ ಹೋದೆ. ಬಾಗಿಲು ತೆಗೆದ ಅವರ ಹೆಂಡತಿ ನನ್ನ ಗುರುತು ಕೇಳಿದವರೇ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು.

“ಆ ಎಡಚಿ ನೀನೇನಾ? ಬಾಮ್ಮ, ಒಳಗೆ ಬಂದು ನೋಡು ನನ್ನ ಮನೆ ಅವಸ್ಥೆ. ನನ್ನ ಮಗ ಚಿಕ್ಕವನಿದ್ದಾಗ್ಲೂ ಊಟ ಇಷ್ಟು ಚೆಲ್ತಿರ್ಲಿಲ್ಲ. ಇವರು ಗಡ್ಡನೂ ಎಡಗೈಯಲ್ಲೇ ಬೋಳಿಸ್ಕೊಳ್ತಾರಂತೆ!”

ಒಳಗೆ ಕಾಲಿಟ್ಟವಳು ನಿಂತಲ್ಲೇ ನಿಂತೆ. ಕುರ್ಚಿಯ ಕೈಗಳಿಗೆ, ಕಿಟಕಿಯ ಸರಳುಗಳಿಗೆ, ಕಪಾಟಿನ ಹಿಡಿಗೆ, ಎಲ್ಲಿ ನೋಡಿದರೂ ಹೊಲಿಗೆಯ ದಾರ. ಎಲ್ಲವೂ ಸೊಟ್ಟ ಗಂಟುಗಳು, ಅರ್ಧಕ್ಕರ್ಧ ಬಿಚ್ಚಿಹೋಗಿದ್ದವು. ಎಡಗೈಯಲ್ಲಿ ಕತ್ತರಿ ಹಿಡಿದುಕೊಂಡೇ ಈಚೆ ಬಂದ ಗೊಣಗಪ್ಪನವರು ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದ ಹುಡುಗನಂತೆ ಮುಖ ಮಾಡಿದರು.

“ನನಗೇ ಗೊತ್ತಿಲ್ದೆ ಇರೋದನ್ನ ನಿನಗೆ ಹೇಗೆ ಹೇಳ್ಕೊಡ್ಲಿ?” ಎಂದರು. “ಇಷ್ಟು ದಿನ ಗದರಿಸಿದೆ ಅಷ್ಟೇ. ಗದರಿಸೋದು ಪಾಠ ಆಗಲ್ಲ. ಇಲ್ಲಿ ಕೂತ್ಕೋ, ಈ ಕತ್ತರಿ ಹಿಡಿ. ಹೆಬ್ಬೆರಳನ್ನ ಹೊರಗೆ ತಳ್ಳಬೇಡ, ಅಂಗೈ ಕಡೆಗೆ ಎಳಿ. ಕತ್ತರಿ ಕೇಳುತ್ತೆ.”

ಎಳೆದೆ. ದಾರ ಕಚಕ್ಕೆಂದು ತುಂಡಾಯಿತು. ಹುಟ್ಟಿದಂದಿನಿಂದ ನನ್ನ ಕೈ ತಿದ್ದಲು ಬಂದವರನ್ನೇ ಕಂಡಿದ್ದೆ. ಆ ಕೈ ಹೇಗೆ ನಡೆಯುತ್ತದೆ ಎಂದು ತಾವೇ ನಡೆಸಿ ನೋಡಿದವರು ಇವರೊಬ್ಬರೇ.

ಅಲ್ಲಿಂದ ಮುಂದೆ ಬಿಡುವು ಸಿಕ್ಕಾಗಲೆಲ್ಲ ಅವರ ಮನೆಯ ಕುರ್ಚಿಗಳಿಗೆ ನಾವಿಬ್ಬರೂ ದಾರ ಕಟ್ಟಿದೆವು. ತಮಾಷೆಯೆಂದರೆ, ಅರ್ಥವಾದದ್ದು ಅವರಿಗೆ, ಕೈಗೆ ಬಂದದ್ದು ನನಗೆ. ನನ್ನ ಗಂಟು ಬಿಗಿಯಾಗುತ್ತ ಹೋಯಿತು, ಅವರದು ಸೊಟ್ಟಗೇ ಉಳಿಯಿತು. ನಾನು ನಕ್ಕರೆ, ಏನು ಕಿಸೀತೀಯ ಎಂದು ಗೊಣಗುತ್ತಿದ್ದರು.

ಪರೀಕ್ಷೆಯ ದಿನ ಮುಖ್ಯಸ್ಥರ ಕೋಣೆಯಲ್ಲಿ ವಿಭಾಗದವರೆಲ್ಲ ಕೂತಿದ್ದರು. ಎಡಗೈಯಲ್ಲಿ ತೋರಿಸುತ್ತೇನೆ ಎಂದದ್ದೇ ತಡ, ಮುಖ್ಯಸ್ಥರು ತಲೆಯಾಡಿಸಿಬಿಟ್ಟರು. ನೋಡುವುದೂ ಬೇಡ, ಒಬ್ಬಳಿಗೋಸ್ಕರ ಪದ್ಧತಿ ಬದಲಾಯಿಸಲು ಆಗುವುದಿಲ್ಲ, ಬಲಗೈ ಬರದಿದ್ದರೆ ಬೇರೆ ವಿಭಾಗ ನೋಡಿಕೊಳ್ಳಲಿ ಎಂದರು. ಇಷ್ಟು ವರ್ಷದ ಓದು ಕಣ್ಣೆದುರೇ ನೀರಿನಲ್ಲಿ ಹೋಮವಾಯಿತು ಎನಿಸಿತು. ನನ್ನ ಕೋಪವೂ ಅಂದು ಕೈಕೊಟ್ಟಿತು.

ಆಗ ಗೊಣಗಪ್ಪನವರು ಎದ್ದು ಮುಖ್ಯಸ್ಥರ ಮುಂದೆ ಒಂದು ಕುರ್ಚಿ ಎಳೆದುಕೊಂಡರು. ಜೇಬಿನಿಂದ ದಾರ ತೆಗೆದು ಕುರ್ಚಿಯ ಕೈಗೆ ಎಡಗೈಯಲ್ಲಿ ಗಂಟು ಹಾಕಲು ಶುರುಮಾಡಿದರು. ಅವರ ಬಲಗೈಯ ಗಂಟು ನೋಡಲೆಂದೇ ಬೇರೆ ಆಸ್ಪತ್ರೆಗಳಿಂದ ಡಾಕ್ಟರುಗಳು ಬರುತ್ತಿದ್ದ ಕಾಲವಿತ್ತು. ಈಗ ದಾರ ಬೆರಳಿನಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಹಣೆಯಲ್ಲಿ ಬೆವರೊಡೆಯಿತು. ಅವರ ಶಿಷ್ಯರೆಲ್ಲ ತಲೆ ತಗ್ಗಿಸಿಕೊಂಡರು. ಸಾಕು ಸರ್ ಎಂದು ಕೂಗಬೇಕೆನಿಸಿತು ನನಗೆ. ಕೊನೆಗೂ ಒಂದು ಗಂಟು ಬಿತ್ತು. ಅವರೇ ಅದನ್ನು ಎಳೆದು ತೋರಿಸಿದರು. ಬಿಚ್ಚಿಕೊಂಡಿತು.

“ನೋಡಿದ್ರಲ್ಲ, ತಿಂಗಳುಗಟ್ಟಲೆ ಕಲಿತಿದ್ದೀನಿ,” ಎಂದರು. “ನಾವು ಈ ಹುಡುಗಿಗೆ ಮಾಡು ಅಂತಿರೋದೂ ಇದನ್ನೇ. ಅವಳ ಬಲಗೈ ನನ್ನ ಎಡಗೈ ಥರಾನೇ. ಇಂಥ ಕೈಯಲ್ಲಿ ನಿಮ್ಮ ಹೊಟ್ಟೆ ಹೊಲಿಸ್ಕೊಳ್ತೀರಾ?”

ಅವರು ಕುರ್ಚಿಯನ್ನು ನನ್ನತ್ತ ತಳ್ಳಿದರು. ನಾನು ಎಡಗೈಯಲ್ಲಿ ಗಂಟು ಹಾಕಿದೆ. ಮುಖ್ಯಸ್ಥರು ಎದ್ದು ಬಂದು ಅದನ್ನು ಎಳೆದರು, ಇನ್ನೊಮ್ಮೆ ಜೋರಾಗಿ ಎಳೆದರು. ಕುರ್ಚಿಯೇ ಜರುಗಿತು. ಸರಿ, ಇರಲಿ, ನಿಮ್ಮ ಜವಾಬ್ದಾರಿ ಎಂದು ಹೇಳಿ ಕನ್ನಡಕ ಒರೆಸಿಕೊಂಡರು.

ಹೊರಗಿನ ಕಾರಿಡಾರಿನಲ್ಲಿ ಓಡಿಹೋಗಿ ಗೊಣಗಪ್ಪನವರನ್ನು ಹಿಡಿದೆ. ನಿಮ್ಮ ಋಣ ಯಾವ ಜನ್ಮದಲ್ಲಿ ತೀರಿಸಲಿ ಸರ್ ಎಂದೇನೋ ಶುರುಮಾಡಿ ಅತ್ತುಬಿಟ್ಟೆ. ಅವರಿಗೆ ಕಿರಿಕಿರಿಯಾಯಿತು.

“ಅಳೋದೆಲ್ಲ ಆಮೇಲೆ. ನಾಳೆ ಬೆಳಿಗ್ಗೆ ಹರ್ನಿಯಾ ಇದೆ, ನೀನೇ ಮಾಡೋದು. ನನಗೆ ಎಡಚರ ಜೊತೆ ಸಹಾಯಕ್ಕೆ ನಿಂತು ಅಭ್ಯಾಸ ಇಲ್ಲ,” ಎಂದು ಗೊಣಗಿದರು. “ಯಾವ ಕಡೆ ನಿಂತ್ಕೋಬೇಕು ನಾನು? ಈಗ್ಲೇ ಹೇಳ್ಬಿಡು.”